ನಾಯಿಗಿಂತ ಮೊದಲು ಹಗ್ಗ

ಎಂಟು ತುಂಬಿದ ದಿನ ಧೃತಿ ಕೇಳಿದ್ದು ಸೈಕಲ್ ಅಲ್ಲ, ನಾಯಿ.
ಓಡುವ ನಾಯಿ ಆಗಬೇಕು,
ಸೋಫಾದಲ್ಲಿ ಬಿದ್ದುಕೊಳ್ಳುವುದಕ್ಕೆ ಅಪ್ಪ ಉಂಟಲ್ಲ, ಎಂದಳು.

ನನ್ನದು ಲೆಕ್ಕದ ಕೆಲಸ, ದಕ್ಕೆಯ ಐಸ್ ಪ್ಲಾಂಟಿನಲ್ಲಿ.
ಹಳೇ ಲೆಡ್ಜರಿನ ಕೊನೆಯ ಹಾಳೆಗೆ ಗೆರೆ ಎಳೆದೆ:
ತಳಿ, ತೂಕ, ಊಟ, ಓಟ, ಮಕ್ಕಳ ಜೊತೆ ಹೇಗೆ.

ಹಸ್ಕಿಯ ಕಣ್ಣು ಚಂದ. ಆದರೆ ಬೋಳಾರದ ಮೇ ತಿಂಗಳಿಗೆ
ಅದನ್ನು ತಂದರೆ ನಮ್ಮ ಪ್ಲಾಂಟಿನಲ್ಲೇ ಕೆಲಸ ಕೊಡಿಸಬೇಕು,
ಐಸಿನ ಗಡ್ಡೆಗಳ ನಡುವೆ, ಪಿ.ಎಫ್. ಸಮೇತ.
ಬೀಗಲ್ ಮಕ್ಕಳಿಗೆ ಒಳ್ಳೆಯದಂತೆ,
ಮೂಗು ಹೇಳಿದ ಕಡೆ ಹೋಗುತ್ತದಂತೆ;
ಇಲ್ಲಿ ಗಾಳಿ ತಿರುಗಿತೋ,
ಬಂಗುಡೆ ಲಾರಿಯ ಹಿಂದೆ ಹೋದದ್ದು ಮಲ್ಪೆಯಲ್ಲಿ ಸಿಕ್ಕೀತು.
ಬಾರ್ಡರ್ ಕೋಲಿಗೆ ಕುರಿ ಬೇಕು. ಕುರಿ ಇಲ್ಲದಿದ್ದರೆ
ಫ್ಲ್ಯಾಟಿನ ಮಕ್ಕಳನ್ನೇ ಅಟ್ಟಿ ಲಿಫ್ಟಿಗೆ ತುಂಬುತ್ತದೆ.
"ಅದನ್ನೇ ತನ್ನಿ," ಎಂದಳು ಕೆಳಮನೆಯ ಝೀನತ್,
ಮೂರು ಗಂಡುಮಕ್ಕಳ ತಾಯಿ.
ಲ್ಯಾಬ್ರಡಾರ್ ಹತ್ತಿರ ಪೆನ್ನು ನಿಂತಿತು.
ಸುಕೇಶ ಇಣುಕಿ ನೋಡಿದ:
"ಹಸಿವು ಹೆಚ್ಚು, ಸಿಟ್ಟು ಕಡಿಮೆ. ಪಾಪ, ನನ್ನ ಹಾಗೆಯೇ."

ಡಾಕ್ಟರ್ ಸಿಪ್ರಿಯನ್ ನನ್ನ ಪಟ್ಟಿಯನ್ನು ಓದಲೇ ಇಲ್ಲ.
ಹಾಳೆ ಮಗುಚಿ ಖಾಲಿ ಬದಿಯನ್ನು ನನ್ನ ಮುಂದಿಟ್ಟರು.
"ನಾಯಿಯದ್ದು ಸಾಕು ಮಾರಾಯ್ತಿ, ನಿಮ್ಮದು ಬರೆಯಿರಿ.
ಎಷ್ಟು ಗಂಟೆಗೆ ಏಳುವುದು? ಮಧ್ಯಾಹ್ನ ಮನೆಯಲ್ಲಿ ಯಾರುಂಟು?
ಜುಲೈಯಲ್ಲಿ ಮಳೆ ಅಡ್ಡಡ್ಡ ಹೊಡೆಯುವಾಗ
ಕೆಳಗಿಳಿಯುವವರು ಯಾರು?"

'ದಿನಕ್ಕೊಂದು ಗಂಟೆ ನಡಿಗೆ' ಎಂದು ಬರೆದೆ.
"ಅಮ್ಮ, ನೀನು ಹಾಲು ತರಲಿಕ್ಕೂ ಸ್ಕೂಟರಲ್ಲೇ ಹೋಗುವುದಲ್ವಾ?"
ಇಪ್ಪತ್ತು ವರ್ಷ ಒಂದು ಪೈಸೆ ತಪ್ಪದೆ ಲೆಕ್ಕ ಬರೆದ ಕೈ
ಡಾಕ್ಟರರ ಮೇಜಿನ ಮೇಲೆ ಸಿಕ್ಕಿಬಿತ್ತು.

ಅವರು ಡ್ರಾವರಿನಿಂದ ನೀಲಿ ಹಗ್ಗವೊಂದನ್ನು ತೆಗೆದು ಕೊಟ್ಟರು.
"ನಲವತ್ತು ದಿನ ಇದನ್ನು ನಡೆಸಿಕೊಂಡು ಹೋಗಿ, ಬೆಳಿಗ್ಗೆ, ಸಂಜೆ.
ಆಮೇಲೆ ಬನ್ನಿ, ತಳಿ ಮಾತಾಡುವ."

ಹೀಗೆ ಬೋಳಾರದ ರಸ್ತೆಯಲ್ಲಿ ನಾವು ಮೂವರು:
ನಾನು, ಮಗಳು, ತುದಿಯಲ್ಲಿ ಯಾರೂ ಇಲ್ಲದ ಹಗ್ಗ.
"ನಾಯಿ ತಪ್ಪಿಸಿಕೊಂಡಿತಾ ಅಕ್ಕ?" ಹೂವಿನಂಗಡಿಯ ಹುಡುಗ.
"ಇಲ್ಲ, ಇನ್ನೂ ಬಂದಿಲ್ಲ," ಎಂದಳು ಧೃತಿ, ನಗದೆ.

ಮೂರನೇ ದಿನ ಮೊಣಕಾಲು.
ಐದನೇ ದಿನ ಮುಳಿಹಿತ್ಲಿನ ಬೀದಿನಾಯಿಗಳು
ಕೊಂಡಿಯನ್ನು ಮೂಸಿ, ಒಂದಕ್ಕೊಂದು ಮುಖ ನೋಡಿ,
ಕಾಣದ ಯಾರಿಗೋ ದಾರಿ ಬಿಟ್ಟವು.
ಒಂಬತ್ತನೇ ದಿನ ಹಂಚಿನ ಕಾರ್ಖಾನೆಯ ಹಳೇ ಚಿಮಣಿಯ ನೆತ್ತಿಯಲ್ಲಿ
ಗಿಡುಗನ ಗೂಡು. ದಿನಾ ಅದರ ಬುಡದಲ್ಲೇ
ಹಾರ್ನ್ ಹೊಡೆದು ದಾಟಿದವಳು ನಾನು.
ಹನ್ನೆರಡು, ಹದಿಮೂರು, ಹದಿನಾಲ್ಕು: ಆಡಿಟ್. ಹೋಗಿಲ್ಲ.
ಅದನ್ನೂ ಬರೆದಿದ್ದೇನೆ.

ಇಪ್ಪತ್ತಾರನೇ ಬೆಳಿಗ್ಗೆ ಮಳೆ,
ನದಿಯೇ ಎದ್ದು ನಿಂತು ಕಿಟಕಿ ಬಡಿಯುವಂಥದ್ದು.
ಸುಕೇಶ ಮೊದಲ ಟ್ರಿಪ್ಪಿನ ಬಸ್ಸಿಗೆ ಹೋಗಿಯಾಗಿತ್ತು.
ನಾನು ಹೊದಿಕೆಯನ್ನು ತಲೆಯ ತನಕ ಎಳೆದುಕೊಂಡೆ.

ಕತ್ತಲಲ್ಲಿ ರೈನ್‌ಕೋಟಿನ ಸರಸರ.
ಕುತ್ತಿಗೆಯ ಬಳಿ ಏನೋ ತಣ್ಣಗೆ, ಕಿಟಕ್ ಎಂದಿತು.
ಹಗ್ಗದ ಕೊಂಡಿ ನನ್ನ ನೈಟಿಯ ಕಾಜದಲ್ಲಿ;
ಇನ್ನೊಂದು ತುದಿ ಹಿಡಿದು, ನೋವಾಗದ ಹಾಗೆ,
ಸ್ವಲ್ಪ ಸ್ವಲ್ಪವೇ ಎಳೆಯುತ್ತಿದ್ದಾಳೆ.
"ಏಳು, ಏಳು... ಹಾಂ, ಒಳ್ಳೇದು ನೀನು."

ಲೆಡ್ಜರಿನಲ್ಲಿ 'ತಳಿ' ಇನ್ನೂ ಖಾಲಿ.
ಹದಿನಾಲ್ಕು ದಿನ ಉಂಟು.
ಸುಕೇಶ ಮಾತ್ರ ಕೇಳದೆ ಒಂದು ಬಟ್ಟಲು ತಂದಿಟ್ಟಿದ್ದಾನೆ,
ದೊಡ್ಡದು.