ತುಳಿಯುವ ಯಂತ್ರ

ಎರ್ಡೆನೆಟ್ ಬಿಟ್ಟಾಗ ಇನ್ನೂ ನಸುಕು.
ಜಪಾನಿನಿಂದ ಬಂದ ಹಳೇ ಕಾರು, ಚುಕ್ಕಾಣಿ ಬಲಕ್ಕೆ,
ನಾವು ಓಡಬೇಕಾದದ್ದೂ ರಸ್ತೆಯ ಬಲಕ್ಕೇ;
ಮುಂದಿನ ಲಾರಿ ದಾಟಬೇಕೆಂದರೆ
ಎಡಗಡೆ ಕೂತ ಅಪ್ಪನೇ ನನ್ನ ಕಣ್ಣು.
ಹೋಗು ಅಂದರೆ ಹೋಗಬೇಕು,
ತಡಿ ಅಂದರೆ ತಡೀಬೇಕು.
ಎಪ್ಪತ್ತಾರರ ಮುದುಕ, ಬ್ರೇಕೇ ಇಲ್ಲದ ಕಡೆ
ಬಲಗಾಲು ಒತ್ತುತ್ತಲೇ ಇರುತ್ತಾನೆ.

ಹಿಂದೆ ಅವ್ವ. ಉಪ್ಪು ಹಾಕಿದ ಹಾಲುಚಹದ ಫ್ಲಾಸ್ಕು,
ಬಟ್ಟೆಯಲ್ಲಿ ಸುತ್ತಿದ ಕುರಿಮಾಂಸದ ಕಡುಬು,
ತೊಡೆಗೆ ತಲೆಯಿಟ್ಟ ನನ್ನ ಮಗ ತೆಮುಲೆನ್,
ಬುಲ್ಗಾನ್ ದಾಟುವುದರೊಳಗೆ ಎರಡು ಸಲ ಕಕ್ಕಿದವನು.

ವಸಂತ ಅಂದರೆ ನಮ್ಮಲ್ಲಿ ಹೂವಲ್ಲ.
ದೂಳು, ಪಕ್ಕೆಲುಬು ಎಣಿಸಬಹುದಾದ ಕುದುರೆ,
ಬೇಲಿಗೊರಗಿ ನಿಂತಲ್ಲೇ ಬಿದ್ದ ಒಂದು ಹಸು,
ಅದೇ ಬೇಲಿಯೊಳಗೆ
ಈಗಷ್ಟೇ ಹುಟ್ಟಿದ, ಇನ್ನೂ ಒದ್ದೆಯಾದ ಕುರಿಮರಿ.

ಅವ್ವ ಖುವ್ಸ್‌ಗುಲ್ ನೋಡಿದವಳಲ್ಲ.
ನಲವತ್ತೆರಡು ವರ್ಷದಿಂದ ಆ ಸರೋವರದ ಮೇಲೆ ಮುನಿಸು.

ಆಗ ಅಪ್ಪ ಲಾರಿ ಓಡಿಸುತ್ತಿದ್ದ.
ಚಳಿಗಾಲಕ್ಕೆ ಸರೋವರವೇ ರಸ್ತೆ,
ಆ ದಡದಿಂದ ಈ ದಡಕ್ಕೆ ಹಿಟ್ಟು, ಸಕ್ಕರೆ, ಡೀಸೆಲ್ಲು.
ಮಂಜುಗಡ್ಡೆಯ ಮೇಲೆ ಹೋಗುವವರು
ಬಾಗಿಲು ಹಾಕುತ್ತಿರಲಿಲ್ಲವಂತೆ.
ಒಡೆದರೆ ಹಾರಬೇಕಲ್ಲ.
ಏಪ್ರಿಲ್ಲಿನ ಒಂದು ಸಂಜೆ ಒಡೆಯಿತು. ಹಾರಿದ.
ಲಾರಿ ಹೋಯಿತು, ಲಾರಿಯ ಜೊತೆ
ಇರ್ಕುತ್ಸ್ಕ್‌ನಿಂದ ತರಿಸಿದ ಹೊಲಿಗೆ ಯಂತ್ರ,
ಕಾಲಲ್ಲಿ ತುಳಿಯುವಂಥದು,
ಮದುವೆಯಾದ ವರ್ಷ ಅವ್ವ ಬಾಯಿಬಿಟ್ಟು ಕೇಳಿದ್ದ
ಒಂದೇ ಒಂದು ವಸ್ತು.

ಗಂಡ ಬದುಕಿ ಬಂದನಲ್ಲ, ಅಷ್ಟು ಸಾಲದೇ, ಅಂದರು ನೆರೆಯವರು.
ಬಂದ, ಸರಿ, ಅಂದಳಂತೆ ಅವ್ವ,
ಹಾರುವಾಗ ಒಂದು ಕೈ ಖಾಲಿಯಿತ್ತಲ್ಲ?

ನಾಲ್ಕು ಮಕ್ಕಳ ಮೇಲಂಗಿಯನ್ನೂ ಕೈಯಲ್ಲೇ ಹೊಲಿದಳು,
ಕುರಿತೊಗಲಿನ ಒಳಪದರವನ್ನೂ.
ಪ್ರತಿ ಗಂಟಿಗೆ ದಾರವನ್ನು ಹಲ್ಲಲ್ಲಿ ಕಚ್ಚಿ ಹರಿದು
ಒಮ್ಮೆ ಅಪ್ಪನ ಕಡೆ ನೋಡುವಳು.

ಖಾತ್ಗಾಲ್ ತಲುಪಿದಾಗ ಬಿಸಿಲು ವಾಲಿತ್ತು.
ಊರವರ ಗಾಲಿಗುರುತು ಇದ್ದ ಕಡೆಯೇ ಕಾರು ಇಳಿಸಿದೆ.
ಕೆಳಗೆಲ್ಲ ಗಾಜು. ಗಾಜಿನೊಳಗೆ ಬಿಳಿ ಬಿರುಕು,
ಮೇಲೇಳಲಾರದೆ ಒಂದರ ಮೇಲೊಂದು ನಿಂತ ಗುಳ್ಳೆ,
ಆಮೇಲೆ ಬರೀ ನೀಲಿ, ತಳ ಕಾಣದ್ದು.
ತೆಮುಲೆನ್ ಜಾರಿ ಬಿದ್ದ, ನಕ್ಕ,
ಬೇಕೆಂದೇ ಮತ್ತೆ ಬಿದ್ದ.
ಅವ್ವ ಲೋಟಕ್ಕೆ ಚಹ ಬಗ್ಗಿಸಿ
ಮೊದಲು ನಾಲ್ಕು ದಿಕ್ಕಿಗೂ ಚಿಮುಕಿಸಿದಳು.
ಆಮೇಲೆ, ಎಪ್ಪತ್ತು ದಾಟಿದ ಹೆಂಗಸು,
ಶಾಲು ಹಾಸಿ ಬೋರಲು ಮಲಗಿ
ಎರಡೂ ಅಂಗೈ ಮರೆಮಾಡಿ ಒಳಗೆ ನೋಡಿದಳು,
ಮುಚ್ಚಿದ ಅಂಗಡಿಯ ಗಾಜಿಗೆ ಮುಖ ಒತ್ತಿದವರ ಹಾಗೆ.

ಅಪ್ಪ ದೂರ ನಿಂತು ಟೋಪಿ ತೆಗೆದ, ಹಾಕಿದ, ತೆಗೆದ.
ಇಲ್ಲಲ್ಲ ದುಲ್ಮಾ, ಇನ್ನೂ ಉತ್ತರಕ್ಕೆ, ಅಂದ.
ಗೊತ್ತು, ಸುಮ್ಮನಿರು.

ಆಗ ಸರೋವರ ಸದ್ದು ಮಾಡಿತು.
ಎಲ್ಲೋ ಆಚೆ ದಡದಲ್ಲಿ ಟರ್ರ್ ಎಂದು ಹೊರಟದ್ದು
ನಮ್ಮ ಕಾಲಡಿ ಬಂದು, ದಾಟಿ,
ಬೆಟ್ಟದ ಕಡೆ ಹೋಗುತ್ತ ಸಣ್ಣಗಾಯಿತು.
ಮಗ ನನ್ನ ಕಾಲು ತಬ್ಬಿದ.
ಹೆದರಬೇಡ, ಅಂದಳು ಅವ್ವ, ಮುಖ ಎತ್ತದೆ,
ಯಾರೋ ತುಳೀತಿದಾರೆ.

ಮೊದಲು ನಕ್ಕದ್ದು ಅಪ್ಪನೋ ಅವ್ವನೋ
ಆ ಗಾಳಿಯಲ್ಲಿ ತಿಳಿಯಲಿಲ್ಲ.

ದಡಕ್ಕೆ ವಾಪಸು ನಿಧಾನ ಓಡಿಸಿದೆ.
ಅಪ್ಪ ತನ್ನ ಕಡೆಯ ಬಾಗಿಲು ಹಾಕಲಿಲ್ಲ.
ಒಂದು ಕೈ ಅದರ ಹಿಡಿಕೆಗೆ;
ಇನ್ನೊಂದನ್ನು ಸೀಟಿನ ಮೇಲಿಂದ ಹಿಂದಕ್ಕೆ ಚಾಚಿ
ಅವ್ವನ ತೋಳಿನ ಬಟ್ಟೆ ಹಿಡಿದಿದ್ದ, ಬಿಗಿಯಾಗಿ.
ಚಳಿ ಸೀದಾ ಒಳಗೆ.
ಬಾಗಿಲು ತೆರೆದಿದೆ, ಬಾಗಿಲು ತೆರೆದಿದೆ ಎಂದಿರಬೇಕು,
ಕಾರು ಜಪಾನಿಯಲ್ಲಿ ಹೇಳುತ್ತಲೇ ಇತ್ತು.
ನಮ್ಮಲ್ಲಿ ಯಾರಿಗೂ ಆ ಭಾಷೆ ಬಾರದು.