ನಡೆಯದ ನಾಣ್ಯ

ಮುಖ ಡೆಲ್ಫೀನಾಳದು, ಒಳಗಿನ ಕರುಳು ನನ್ನದು.
ಹೀಗೆಂದು ಎಲ್ಲೂ ಬರೆದಿಲ್ಲ.
ಅಂಚಿನ ಅಕ್ಷರಗಳ ನಡುವೆ, ಭೂತಗನ್ನಡಿಯಿಟ್ಟು ಹುಡುಕಿದರೆ,
ಅವಳ ಹೆಸರಿನ ಎರಡಕ್ಷರ ಸಿಗುತ್ತವೆ.
ನನ್ನದು ಸಿಗಬೇಕಾದರೆ ನಾಣ್ಯವನ್ನು ಕೊಲ್ಲಬೇಕು.

ಮೂವತ್ತು ವರ್ಷ ಅವಳು ಬಂದೂಕಿನ ತಟ್ಟೆಗಳ ಮೇಲೆ
ಕೌಜುಗ ಕೊರೆದಳು, ಓಡುವ ನಾಯಿ ಕೊರೆದಳು,
ಸಾಯುವುದಕ್ಕೆ ಒಂದು ಗಳಿಗೆ ಮುಂಚಿನ ಮೊಲ.
ಗಾರ್ದೋನೆಯಲ್ಲಿ ಎಲ್ಲರ ಅನ್ನವೂ ಅದೇ.
ಮೆಲ್ಲಾ ಹೊಳೆ ಕಬ್ಬಿಣ ತೊಳೆದು ತೊಳೆದು
ಮೀನಿಗೂ ತುಕ್ಕಿನ ರುಚಿ ಎನ್ನುತ್ತಿದ್ದ ನಮ್ಮಪ್ಪ.
ನಾನು ಗಡಿಯಾರದವನು, ಬತಿಸ್ತಾ.
ಕೈಗಡಿಯಾರಕ್ಕೆ ಕೀಲಿ ಕೊಡುವವರು ಊರಲ್ಲಿ ಮುಗಿದ ಮೇಲೆ
ಅವಳ ಮೇಜಿನ ಎಡತುದಿ ಬಾಡಿಗೆಗೆ ಹಿಡಿದೆ.

ಈ ಸಲ ಬಸವನಹುಳು, ಎಂದಳು.
ಆಂಟ್‌ವರ್ಪಿನ ಒಬ್ಬ ಸಂಗ್ರಾಹಕ, ಮುಂಗಡ ಕಳಿಸಿದ್ದಾನೆ.
ಬೇಕಾದ್ದು: ಲೀರಾ ಕಾಲದ ಬೆಳ್ಳಿಯ ಐನೂರು,
ಮೇಲೆ ಹುಳು, ಒಳಗೆ ಗುಟ್ಟು,
ಗುಟ್ಟು ಏನೆಂದು ಅವನಿಗೂ ಹೇಳಕೂಡದು.

ಎರಡು ನಾಣ್ಯ ಕೊಯ್ದು ಒಂದು ಮಾಡಬೇಕು.
ಒಂದರ ಬೆನ್ನು ಕೆರೆದು, ಇನ್ನೊಂದರ ಹೊಟ್ಟೆ ಕೆರೆದು
ನಡುವೆ ಉಳಿಯುವ ಜಾಗ ಒಂದು ಉಗುರಿನ ದಪ್ಪ.
ಅಷ್ಟರಲ್ಲಿ ನಾನು ಸಂಸಾರ ಹೂಡಬೇಕು:
ಕೂದಲಿಗಿಂತ ತೆಳುವಾದ ಸ್ಪ್ರಿಂಗು,
ಎಳ್ಳಿನ ಸಿಪ್ಪೆಯಷ್ಟು ಹಲ್ಲುಗಾಲಿ,
ನಾಲಗೆಯಂಥ ಒಂದು ಚಿಲಕ.
ಸೀನಿದರೆ ಮೂರು ದಿನದ ಕೆಲಸ ನೆಲದ ಮೇಲೆ.
ಒಮ್ಮೆ ಹಾಗೇ ಆಗಿ, ಇಬ್ಬರೂ ಮಂಡಿಯೂರಿ
ಅಯಸ್ಕಾಂತ ಹಿಡಿದು ಹಲಗೆಯ ಸಂದುಗಳನ್ನು ಸವರಿದೆವು;
ಸಿಕ್ಕಿದ್ದು ಅವಳ ತಾಯಿಯ ಹೊಲಿಗೆ ಸೂಜಿ.
ಅದನ್ನು ಅಂಗಿಯ ಎದೆಗೆ ಚುಚ್ಚಿಕೊಂಡು
ಕೆಲಸಕ್ಕೆ ಕೂತಳು. ಆ ದಿನ ಮಾತಿಲ್ಲ.

ಮೊದಲನೇ ಹುಳು ಕತ್ತು ಹೊರಗೆ ಹಾಕಲಿಲ್ಲ.
ಎಣ್ಣೆ ಬಿಟ್ಟೆ, ಅರ ಹಾಕಿದೆ, ಬೈದೆ,
ಕೊನೆಗೆ ಜೇಬಿಗೆ ಎಸೆದು ಇನ್ನೊಂದು ಶುರು ಮಾಡಿದೆ.
ಎರಡನೆಯದು ನಡೆಯಿತು:
ಅಂಚಿನಲ್ಲಿ ಒಂದೇ ಒಂದು ಅಕ್ಷರದ ಬಾಲವನ್ನು
ಉಗುರಿನಿಂದ ಮೀಟಿದರೆ
ಚಿಪ್ಪು ಕಾಲು ಸುತ್ತು ತಿರುಗಿ,
ಒದ್ದೆಯಂತೆ ಹೊಳೆಯುವ ಕತ್ತು ಈಚೆ ಬಂದು,
ಕೊಂಬು ನಾಲ್ಕು. ಎರಡು ಮೊದಲು,
ಎರಡು, ಅನುಮಾನಿಸಿ, ಆಮೇಲೆ.
ಆ ಅನುಮಾನ ನನ್ನದು. ಅದೊಂದಕ್ಕೇ ಒಂದು ತಿಂಗಳು ಹಿಡಿಯಿತು.

ಕಳಿಸುವ ಮುನ್ನಾದಿನ ಅವಳು ಅದನ್ನು
ಓರ್ಸೊಲಾಳ ಕಾಫಿ ಅಂಗಡಿಗೆ ಒಯ್ದು
ನನಗೂ ಕುಡಿಸಿ, ತಾನೂ ಕುಡಿದು,
ಕಟ್ಟೆಯ ಮೇಲೆ ಠಣ್ಣೆಂದು ಇಟ್ಟಳು.
ಓರ್ಸೊಲಾ ಕನ್ನಡಕ ಏರಿಸಿ ನೋಡಿದಳು.
"ಇದು ನಡೆಯೋದಿಲ್ಲ ಡೆಲ್ಫೀನಾ. ಲೀರಾ ಸತ್ತು ಎಷ್ಟು ಕಾಲವಾಯಿತು."
"ನಡೆಯುತ್ತೆ," ಎಂದಳು ಇವಳು. ಮೀಟಿದಳು.
ಸಕ್ಕರೆ ಪೊಟ್ಟಣಗಳ ಪಕ್ಕ ಹುಳು ಕತ್ತು ಚಾಚಿತು.
ಮೂಲೆಯಲ್ಲಿದ್ದ ನಾಲ್ವರು, ನಳಿಗೆ ಕೊರೆಯುವವರು,
ಬಟ್ಟಲು ಕೆಳಗಿಟ್ಟರು.
"ಚಿಲ್ಲರೆ ಕೊಡು," ಎಂದಳು ಡೆಲ್ಫೀನಾ.

ಆಂಟ್‌ವರ್ಪಿನಲ್ಲಿ ಅದು ಕಪ್ಪು ಮಖಮಲ್ಲಿನ ಖಾನೆಯಲ್ಲಿದೆಯಂತೆ.
ಗುಟ್ಟು ಸಿಕ್ಕಿತೋ ಇಲ್ಲವೋ, ಆತ ಬರೆದಿಲ್ಲ.
ತಿಂಗಳಿಗೊಮ್ಮೆ ಮೀಟಿ, ಇಲ್ಲದಿದ್ದರೆ ಎಣ್ಣೆ ಹೆಪ್ಪುಗಟ್ಟೀತು
ಎಂದು ಒಂದು ಚೀಟಿ ಇಡೋಣವೆಂದಿದ್ದೆ.
ಚೀಟಿ ಇಟ್ಟ ಮೇಲೆ ಗುಟ್ಟೇನು ಉಳಿಯಿತು, ಎಂದಿದ್ದಳು.

ಜೇಬಿನದು ಜೇಬಿನಲ್ಲೇ ಇತ್ತು.
ಬೀಗದ ಕೈ, ಸೆಂಟುಗಳು, ಕೆಮ್ಮಿನ ಮಿಠಾಯಿಗಳ ನಡುವೆ
ಎರಡು ಚಳಿಗಾಲ ಉಜ್ಜಿಸಿಕೊಂಡು,
ಅವಳು ಕೊರೆದ ಚಿಪ್ಪಿನ ಗೆರೆಗಳೂ ಅಳಿಸಿ
ಸವಕಲು ನಾಣ್ಯ, ಯಾರೂ ಎರಡನೇ ಸಲ ನೋಡದಂಥದು.
ನಿನ್ನೆ ಬ್ರೆಷಾದ ಬಸ್ಸಿನಲ್ಲಿ, ಟಿಕೆಟ್ಟಿಗೆ ತಡಕಾಡುವಾಗ
ಹೆಬ್ಬೆರಳಿಗೆ ಏನೋ ಮೆತ್ತಗೆ ಚುಚ್ಚಿತು.
ಎರಡು ಕೊಂಬು.
ಕೈ ಅಲ್ಲೇ ಬಿಟ್ಟು ಕೂತೆ.
ಉಳಿದೆರಡು, ಸರೆತ್ಸೊ ದಾಟಿದ ಮೇಲೆ ಬಂದವು.