ದೇಶೀಯ ಅಂಶ

ಪೀಣ್ಯ ಎರಡನೇ ಹಂತ. ಕೆಳಗೆ ಸಂಪಂಗಪ್ಪನ ಲೇತು,
ಮೇಲೆ ನಾವು ಏಳು ಹೆಂಗಸರು, ತಲೆ ಬಗ್ಗಿಸಿ,
ಡ್ರೋನಿನ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತೇವೆ.
ಬೆರಳುಂಗುರಕ್ಕಿಂತ ತುಸು ದೊಡ್ಡ ಬಳೆ, ಅದಕ್ಕೆ ಹನ್ನೆರಡು ಹಲ್ಲು,
ಹಲ್ಲಿಗೆ ಹತ್ತೊಂಬತ್ತು ಸುತ್ತು.
ಒಂದು ಹೆಚ್ಚಾದರೆ ಸೋಮಾರಿಯಾಗುತ್ತದೆ,
ಒಂದು ಕಮ್ಮಿಯಾದರೆ ತಲೆ ಬಿಸಿ ಮಾಡಿಕೊಳ್ಳುತ್ತದೆ.

ಮಾರ್ಕೆಟ್ಟಿನಲ್ಲಿ ಹೂ ಕಟ್ಟುತ್ತಿದ್ದವಳು ನಾನು, ಗಂಗಹನುಮಕ್ಕ.
ಮೊಳ ಹಾಕುವಾಗ ಮೊಣಕೈ ಹೇಗೆ ಮಡಿಸಬೇಕು
ಎಂಬುದೂ ಗೊತ್ತು, ಸುಳ್ಳೇಕೆ.
ರುದ್ರಾರಾಧ್ಯ ಸಾರ್ ನನ್ನ ಬೆರಳು ನೋಡಿ ಕೆಲಸ ಕೊಟ್ಟರು.
ವಿಮಾನದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು
ನಿವೃತ್ತಿಯ ಹಣವನ್ನೆಲ್ಲ ಈ ಮಹಡಿಗೆ ಸುರಿದ ಮನುಷ್ಯ.
ಫೆಬ್ರವರಿಯಲ್ಲಿ ಯಲಹಂಕದ ಕಡೆ ಆಕಾಶ ಹರಿದಾಗ
ತಾರಸಿಯ ಮೇಲೆ ಕಣ್ಣು ಮುಚ್ಚಿ ನಿಲ್ಲುತ್ತಾರೆ,
ಸದ್ದಿನಿಂದಲೇ ಹೆಸರು ಹೇಳುತ್ತಾರೆ.
ಒಂದೊಂದು ಹೆಸರಿಗೂ ಅವರ ಗಂಟಲು ಬೇರೆ.

ಇಲ್ಲೇ ಮಾಡಿದ್ದಕ್ಕೆ ಸರ್ಕಾರ ದುಡ್ಡು ಕೊಡುತ್ತದಂತೆ,
ಎಷ್ಟು ಇಲ್ಲಿಯದೋ ಅಷ್ಟಕ್ಕೆ.
ಅಧಿಕಾರಿ ಬಂದರು. ಬಳೆಯನ್ನು ಬೆಳಕಿಗೆ ಹಿಡಿದು ಕೇಳಿದರು:
ಇದರಲ್ಲಿ ನಮ್ಮದೆಷ್ಟು?
ತಾಮ್ರ? ಅದಿರು ಆಚೆಯದು, ತಂತಿ ಎಳೆದದ್ದು ಇಲ್ಲಿ.
ಬೇರಿಂಗು? ತರಿಸಿದ್ದು.
ಅಯಸ್ಕಾಂತ?
ಸಾರ್ ಕೆಮ್ಮಿದರು.
ಅಧಿಕಾರಿಯ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು.
ಅಂತೋಣಿಯಮ್ಮ ನನ್ನ ಪಕ್ಕೆಗೆ ತಿವಿದಳು,
ಬೆರಳೂ ಬರಕ್ಕೊಳ್ಳಿ ಸ್ವಾಮಿ ಅನ್ನೇ, ಅನ್ನು.
ನಾನು ಅನ್ನಲಿಲ್ಲ. ಅಳೆಯುವವನ ಎದುರು
ಬಾಯಿ ಬಿಡಬಾರದು, ಅದು ಮಾರ್ಕೆಟ್ಟಿನ ಬುದ್ಧಿ.

ಎರಡು ಕಂತು ಬಂತು. ಮೂರನೆಯದು
ಯಾವುದೋ ಮೇಜಿನ ಮೇಲೆ, ಯಾವುದೋ ಕಡತದ ಹೊಟ್ಟೆಯಲ್ಲಿ.
ನಮ್ಮ ಕಣ್ಣಿಗೆ ಕಂಡದ್ದು ಇಷ್ಟು:
ತಲೆಗೊಂದು ದೀಪ, ತೂಕ ಸರಿ ನೋಡುವ ಒಂದು ಯಂತ್ರ,
ಅದಕ್ಕೆ ಮಾತ್ರ ಏಸಿ,
ಹೆಂಗಸರ ಕಕ್ಕಸಿಗೆ ಒಳಗಿನಿಂದ ಚಿಲಕ.
ಚಿಲಕ ಹಾಕಿದ ದಿನ ಶಾಹಿದಾ ಒಳಗೆ ಹೋಗಿ
ಸುಮ್ಮನೆ ಐದು ನಿಮಿಷ ಕೂತು ಬಂದಳು.

ಭಾನುವಾರ ಹೆಗ್ಗನಹಳ್ಳಿಯ ನಮ್ಮ ಗಲ್ಲಿಯಲ್ಲಿ
ಅಕ್ಕಿ ಆರಿಸುತ್ತಿದ್ದೆ. ಕಾಣುವ ಮುಂಚೆ ಕೇಳಿಸಿತು.
ನಾಲ್ಕು ಸ್ವರ, ಮೂರು ಒಂದಾಗಿ,
ಎಡಗಡೆ ಹಿಂದಿನದು ಕೂದಲೆಳೆಯಷ್ಟು ಬಿಗಿ.
ನಮ್ಮದು, ಅಂದೆ. ಯಾರಿಗೂ ಅರ್ಥವಾಗಲಿಲ್ಲ.
ಬೀದಿಯ ತುದಿಯಲ್ಲಿ ಸರ್ವೆಯ ಹುಡುಗ,
ಛತ್ರಿಯ ನೆರಳಿನಲ್ಲಿ ಲ್ಯಾಪ್‌ಟಾಪು.
ಮನೆಮನೆಯ ಅಳತೆಯಂತೆ, ಖಾತೆಗಂತೆ.
ಅದು ನಿಧಾನ ಬಂದು ನಮ್ಮ ತಗಡಿನ ಮೇಲೆ ನಿಂತಿತು.

ಇಪ್ಪತ್ತು ಮೂವತ್ತರ ಸೈಟು.
ಮೋರಿಯ ಮೇಲೆ ಇನ್ನೊಂದಿಷ್ಟು ಚಾಚಿದ್ದೇನೆ.
ಅಲ್ಲೇ ಸಿಲಿಂಡರು, ನೀರಿನ ಡ್ರಮ್ಮು, ಮಗಳ ಸೈಕಲ್ಲು,
ಮಳೆ ಬಂದರೆ ಅಲ್ಲೇ ನಾನು.

ಪಕ್ಕದ ಮನೆಯ ಹುಡುಗ ಕಲ್ಲೆತ್ತಿದ.
ಅವನ ಗುರಿ ಚೆನ್ನಾಗಿದೆ, ಮಾವಿನಕಾಯಿ ಬಲ್ಲವು.
ಎದ್ದು ಅವನ ಮಣಿಕಟ್ಟು ಹಿಡಿದೆ.
ಮಡಿಲ ಅಕ್ಕಿ ಚೆಲ್ಲಿತು.
ಬ್ಯಾಡ ಕಣೋ, ಅಂದೆ, ಹತ್ತೊಂಬತ್ತು ಸುತ್ತು ಐತೆ ಅದರಲ್ಲಿ.
ಏನು ಹತ್ತೊಂಬತ್ತು? ಅಂದ.
ಅಷ್ಟರಲ್ಲಿ ಅದು ಅವರ ಮನೆಯ ಮೇಲಿತ್ತು.

ನೋಟೀಸು ಬಂತು. ಒತ್ತುವರಿ: ಮೂರಡಿ ಎರಡಿಂಚು.
ಮಗಳು ಟೇಪು ಹಿಡಿದು ಅಳೆದಳು, ಎರಡು ಸಲ.
ಮೂರಡಿ ಎರಡಿಂಚು.
ಹೊಟ್ಟೆ ಉರಿಯಿತು. ಅದರ ಜೊತೆಗೇ, ನಾಚಿಕೆಯಿಲ್ಲದೆ,
ಎಷ್ಟು ಸರಿಯಾಗಿ ಅಳೆದಿದೆ ನೋಡು, ಅನ್ನಿಸಿತು.

ಸೋಮವಾರ ದೀಪದ ಕೆಳಗೆ ಕೂತೆ.
ಎಣಿಸುತ್ತ ಎಣಿಸುತ್ತ ಹದಿನೆಂಟಕ್ಕೆ ಕೈ ನಿಂತಿತು.
ಅಂತೋಣಿಯಮ್ಮ ತಲೆ ಎತ್ತಲಿಲ್ಲ.
ಹತ್ತೊಂಬತ್ತು, ಅಂದಳು.
ಗೊತ್ತು, ಅಂದೆ.